ಏರಿ ಮೇಲಿನ ಬರಿಗಾಲ ಓಟ

ನಗಬೇಡಿ ಅಂದೆನಲ್ಲ! ಮುಳ್ಳು ತೆಗೀತೀನಿ ಅಂತ ಕೂತೋರು ಹಿಂಗೆ ನಕ್ರೆ ಕೈ ಅಲ್ಲಾಡಲ್ವಾ?... ಅಯ್ಯೋ, ಕಾಲು ನಿಮ್ಮ ತೊಡೆ ಮೇಲೆ ಬ್ಯಾಡ ರೀ! ಗಂಡನ ಕೈಲಿ ಪಾದ ಹಿಡಿಸ್ಕೊಂಡು ಕೂತವ್ಳೆ ಯಶೋದಾ ಅಂತ ಬುಕ್ಕಾಂಬುಧಿ ಊರೆಲ್ಲ ಆಡ್ಕೊಳ್ಳುತ್ತೆ... ಸರಿ, ಸರಿ, ಇರ್ಲಿ. ನಾನು ಕೆರೆ ಕಡೆ ತಿರುಗಿ ಕೂತಿರ್ತೀನಿ. ಪಿನ್ನು ಚುಚ್ಚೋದು ನನ್ ಕೈಲಿ ನೋಡಕ್ಕಾಗಲ್ಲ.

ಜಾಲಿಮುಳ್ಳು ತಾನೆ? ಈ ಏರಿ ಮೇಲೆಲ್ಲ ಅದೇ... ಹ್ಞಾಂ? ಶೂನಾ? ಮಂಚದ ಕೆಳಗವೆ. ಮಧುಶ್ರೀ ತರೀಕೆರೆಯಿಂದ ತಂದ್ಕೊಟ್ಟಿದ್ದು, ಮಗಳು ತಂದಿದ್ದು ಅಂತ ನಂಗೂ ಆಸೆನೇ. ಆದ್ರೆ ಬರಿಗಾಲಲ್ಲಿ ಓಡೋ ಸುಖ ನಿಮಗೇನು ಗೊತ್ತು? ಅವಳೇ ಫೋನಲ್ಲಿ ತೋರಿಸಿದ್ಲು, ಎಂತೆಂಥೋರು ಶೂ ಬಿಚ್ಚಿಟ್ಟು ಓಡ್ತಾರೆ! ಸಕ್ಕರೆ ಕಾಯಿಲೆಗೆ ನಡೀಬೇಕು ಅಂದ್ರು ಡಾಕ್ಟ್ರು. ನಡೆಯೋದ್ಕಿಂತ ಓಡೋದು ಒಳ್ಳೇದಲ್ವಾ? ಮೊದಲನೇ ದಿನ ಸೆರಗು ಸಿಗಿಸ್ಕೊಂಡು ಹೊರಟಾಗ ಪಕ್ಕದ್ಮನೆ ತೀರ್ಥಮ್ಮ ಏನಂದ್ಲು ಗೊತ್ತಾ? "ಎಮ್ಮೆ ತಪ್ಪಿಸ್ಕೊಂಡಿದ್ಯೇನೇ, ಯಶೋದಾ?" ಅಂದ್ಲು... ನಗಿ, ನಗಿ!

ಬೆಳಿಗ್ಗೆ ಬೆಳಿಗ್ಗೆ ಈ ಹಸಿ ಮಣ್ಣು ಎಷ್ಟು ತಣ್ಣಗಿರುತ್ತೆ ಅಂತೀರಿ! ಬೆರಳ ಸಂದೀಲಿ ಹುಲ್ಲು ಕಚಗುಳಿ ಇಟ್ಟಂಗೆ... ಏನು? ಕುಂಟ್ತಾ ಇರ್ಲಿಲ್ವಾ? ಇಷ್ಟುದ್ದ ಮುಳ್ಳು ಹೊಕ್ಕಿದ್ರೂ?... ಅದು, ಅದು ನಾನು ಗಟ್ಟಿಗಿತ್ತಿ ಕಣ್ರೀ! ಎಲ್ಲಾದ್ಕೂ ಕುಂಟೋಕೆ ನಾನೇನು ನಿಮ್ಮ ತಂಗೀನಾ? ತೂಬಿನ ಕಲ್ಲ ಮೇಲೆ ರಕ್ತ ನೋಡಿ ನೀವೇ ಗಾಬರಿ ಬಿದ್ರಿ, ಅಷ್ಟೇ... ಚಪ್ಲೀನಾ? ಕಡೂರು ಬಸ್ಸಲ್ಲಿ ಕಳೆದಿದ್ದಾ? ಅದೇನು ಈಗ್ಯಾಕೆ! ನೂಕುನುಗ್ಗಲು, ಬಿಚ್ಕೊಂತು. ಮನೆಗೆ ಬಂದ್ಮೇಲೆ ನೋಡ್ಕೊಂಡೆ.

ಅಮ್ಮಾ! ಮೆಲ್ಲಗೆ ರೀ!... ಸ್ಸ್... ಉರಿ, ಉರಿ! ಅಷ್ಟು ಒತ್ತಬೇಡಿ, ಜೀವ ಹೋಗುತ್ತೆ!

ಯಾಕೆ ಸುಮ್ನಾದ್ರಿ? ಬಂತಾ?... ಇನ್ನೂ ಇಲ್ವಾ? ಅಯ್ಯಪ್ಪಾ, ಮೆಲ್ಲಗೆ ಅಂದೆ!... ರೀ? ಏನಾದ್ರೂ ಅನ್ನಿ. ತಿರುಗ್ತೀನಿ ನೋಡಿ ಈಗ...

ನಿಮ್ ಅಂಗೈಯಲ್ಲಿ... ಮುಳ್ಳು. ಯಾವಾಗ ಬಂತು? ನಾನು ಕೂಗಿದಾಗ ನಿಮ್ ಕೈ... ಕಾಲ ಮೇಲೆ ಇರ್ಲೇ ಇಲ್ವಾ?

ಹಂಗ್ ನೋಡ್ಬೇಡಿ. ಯುಗಾದಿಗೂ ಮುಂಚಿಂದ ಹಿಂಗೇ, ಎರಡೂ ಪಾದ ಜೋಮು ಹಿಡಿದಂಗೆ. ಮಣ್ಣು, ಜಲ್ಲಿ ತಾಗ್ತಾ ತಾಗ್ತಾ ಒಂದಿನ ಚುರ್ ಅನ್ನುತ್ತೇನೋ ಅಂತ ಓಡಿದೆ ಕಣ್ರೀ. ಇವತ್ತು ಅನ್ನುತ್ತೆ, ನಾಳೆ ಅನ್ನುತ್ತೆ... ಬೈಯಿರಿ. ಮಧುಶ್ರೀಗೆ ಹೇಳ್ತೀರಾ? ಹೇಳಿ. ಡಾಕ್ಟ್ರ ಹತ್ರಕ್ಕೂ ಬತ್ತೀನಿ, ಈಗ್ಲೇ ಬತ್ತೀನಿ. ಸುಮ್ನೆ ಮಾತ್ರ ಇರ್ಬೇಡಿ...

ಪಾದದ ಮೇಲೆ ಕೈ ಇಟ್ರಲ್ಲ... ಬೆಚ್ಚಗಿರ್ಬೇಕು, ಅಲ್ವಾ ರೀ?