ಸೋಮವಾರದ ಮನೆ

ಸವಳಂಗ ರಸ್ತೆಯಲ್ಲಿ ನಮ್ಮ ಮನೆ ಮಹಡಿಯ ಮೇಲಿದೆ. ಕೆಳಗೆ ಟೈರ್ ಅಂಗಡಿ. ಆ ಸೋಮವಾರ ಸಂಜೆ ಮಳೆ ಹಿಡಿದು ಆರು ಗಂಟೆಗೆಲ್ಲ ಕರೆಂಟು ಹೋಯಿತು. ಇನ್ವರ್ಟರಿಗೆ ನೀರು ಹಾಕುತ್ತಿದ್ದವನು ನನ್ನ ಗಂಡ ಜ್ಞಾನೇಶ್. ಅವನು ತೀರಿಕೊಂಡು ಹನ್ನೊಂದು ತಿಂಗಳು. ಆಮೇಲೆ ಯಾರೂ ಹಾಕಿಲ್ಲ.

ಮಾಚೇನಹಳ್ಳಿಯಲ್ಲಿ ವರ್ಕ್‌ಶಾಪ್ ಇಟ್ಟಿರುವ ಜ್ಞಾನೇಶನ ಅಣ್ಣ, ನನ್ನ ಭಾವ ಪ್ರಸನ್ನಕುಮಾರ್, ಅವರ ಮಕ್ಕಳು ಅಮೂಲ್ಯ, ಅಕ್ಷರಾ, ನಾನು, ಎಲ್ಲರೂ ಅಜ್ಜಿಯ ಮಂಚದ ಸುತ್ತ ಕೂತೆವು. ಜ್ಞಾನೇಶನ ಅಜ್ಜಿ ವೀರಮ್ಮನಿಗೆ ಎಂಬತ್ತನಾಲ್ಕು. ಪ್ರತಿ ಸೋಮವಾರ ಸಂಜೆ ನಮ್ಮ ಊಟಕ್ಕೆ ಮುಂಚೆ ಅವರು ‘ಅಯ್ಯನೋರಿಗೆ’ ಎಂದು ನಡುಮನೆಯಲ್ಲಿ ಬಾಳೆಲೆ ಹಾಕಿ, ಬಡಿಸಿ, ಎಲೆಯಡಿಕೆ ಇಟ್ಟು, ಬಾಗಿಲು ಮುಂದೆ ಮಾಡಿಕೊಂಡು ಒಳಗೆ ಒಬ್ಬರೇ ಕೂರುತ್ತಾರೆ. ಬಡಿಸಿದ್ದು ಬೆಳಿಗ್ಗೆ ಹಸುವಿಗೆ. ನಾನು ಅಲ್ಲಿ ಯಾರನ್ನೂ ನೋಡಿಲ್ಲ. ಈಚೆಗೆ ಅಜ್ಜಿಯ ಕೈ ನಡುಗುತ್ತದೆ. ಹಿಂದಿನ ವಾರ ಸಾರಿನ ಪಾತ್ರೆ ಜಾರಿ ಕಾಲು ಸುಟ್ಟುಕೊಂಡಿದ್ದರು.

“ಇನ್ನು ಸಾಕು ಬಿಡಜ್ಜಿ,” ಎಂದರು ಭಾವ. “ನೂರು ವರ್ಷ ಊಟ ಹಾಕಾಯ್ತು. ಅಯ್ಯನೋರಿಗೂ ಶುಗರ್ ಬಂದಿರುತ್ತೆ.”

ಮಕ್ಕಳು ನಕ್ಕರು. ಅಜ್ಜಿಗೆ ನಗು ಬರಲಿಲ್ಲ.

“ನಿಲ್ಸೋದಾದ್ರೆ ನಿಲ್ಸೋಣ. ನಾನು ಹೋದ್ಮೇಲೆ ಈ ಸೋಮವಾರ ಹಿಡಿಯೋರು ಯಾರೂ ಇಲ್ಲ ಅಂದ್ರೆ ಇವತ್ತೇ ಕೊನೆ. ಆದ್ರೆ ಯಾರ ಊಟ ನಿಲ್ಲಿಸ್ತಿದ್ದೀವಿ ಅಂತ ಗೊತ್ತಿರ್ಲಿ. ಕೇಳ್ರಿ…

“ನಮ್ಮತ್ತೆ ಕರಿಯಮ್ಮ ಹೇಳಿದ್ದು ಇದು. ಆಗ ಭದ್ರಾವತಿ ಎಲ್ಲಿತ್ತು? ಬೆಂಕಿಪುರ ಅಂತಿದ್ರು. ಹೊಳೆ, ಕಾಡು, ಚಳಿಜ್ವರ… ಅಷ್ಟೇ. ಕಬ್ಬಿಣದ ಕಾರ್ಖಾನೆ ಕಟ್ತಾರಂತೆ ಅಂದಿದ್ದೇ ತಡ, ಎಲ್ಲೆಲ್ಲಿಂದಲೋ ಜನ ಬಂದ್ರು. ದೊರೆಗಳಿಗೆ ಬಂಗಲೆ, ಕೂಲಿಯೋರಿಗೆ ಲೈನ್‌ಮನೆ. ಒಬ್ಬೊಬ್ರೂ ಅವರವರ ದೇವ್ರನ್ನ ಗಂಟುಮೂಟೆ ಜೊತೆ ಕಟ್ಕೊಂಡೇ ಬಂದ್ರು ನೋಡಿ. ತಮಿಳರು ಮಾರಿಯಮ್ಮನ್ನ ತಂದು ಮರದ ಬುಡದಲ್ಲಿ ಕೂರಿಸಿದ್ರು, ಕ್ರೈಸ್ತರು ತಗಡಿನ ಶೆಡ್ಡಲ್ಲಿ ಶಿಲುಬೆ ನಿಲ್ಸಿದ್ರು, ಸಾಬರು ಹೊಳೆ ದಂಡೇಲಿ ಚಾಪೆ ಹಾಸಿ ನಮಾಜು ಮಾಡೋರು. ಬೆಳಿಗ್ಗೆ ಎದ್ರೆ ನಾಲ್ಕು ಭಾಷೇಲಿ ದೇವರ ಹೆಸರು ಕಿವಿಗೆ ಬೀಳೋದಂತೆ… ಅತ್ತೆ ಆ ಮಾತು ಹೇಳೋವಾಗ ಕಣ್ಣು ಮುಚ್ಚಿ ಕೇಳಿಸ್ಕೊಳ್ಳೋರು, ಈಗ್ಲೂ ಕೇಳ್ತಿದೆ ಅನ್ನೋ ಹಂಗೆ.

“ನಮ್ಮೋರು ಏಳು ಮನೆ, ಚನ್ನಗಿರಿ ಕಡೆಯಿಂದ ಬಂದಿದ್ದು. ಹುಟ್ಟಿದ ಮಗೂಗೆ ಲಿಂಗ ಕಟ್ಟೋರು ಬೇಕು, ಸತ್ತೋರ ತಲೆ ಮೇಲೆ ಪಾದ ಇಡೋರು ಬೇಕು, ಜಂಗಮ ಇಲ್ದೆ ಊರಾಗುತ್ತಾ? ಒಬ್ಬ ಮುದುಕ ಅಯ್ಯನೋರನ್ನ ಕಾಲು ಹಿಡಿದು, ಒಪ್ಪಿಸಿ, ಗಾಡೀಲಿ ಕೂರಿಸ್ಕೊಂಡು ಬಂದ್ರು. ಮಠ ಕಟ್ಟೋವರೆಗೆ ದಿನಕ್ಕೊಂದು ಮನೇಲಿ ಪ್ರಸಾದ. ಏಳು ದಿನ, ಏಳು ಮನೆ. ನಮ್ಮದು ಸೋಮವಾರ. ಉಂಡು ಏಳೋವಾಗ ಕೈಗೆ ವೀಳ್ಯ ಕೊಟ್ಟು ‘ಬರೋ ಸೋಮವಾರಾನೂ ದಯಮಾಡಿಸ್ಬೇಕು’ ಅನ್ಬೇಕು. ಎಲೆಯಡಿಕೆ ಇಸ್ಕೊಂಡ್ರೆ ಮಾತು ಕೊಟ್ಟ ಹಂಗೆ. ಅವ್ರು ಬಂದು ಉಣ್ಣೋವರೆಗೆ ಮನೆಯೋರು ತುತ್ತು ಎತ್ತಂಗಿಲ್ಲ.

“ಆ ವರ್ಷದ ಮಳೆಗಾಲ ಜ್ವರ ಲೈನಿಗೆ ಲೈನೇ ಮಲಗಿಸ್ತು. ನಮ್ಮ ಮಾವ ಉಜ್ಜನಪ್ಪ ಹಾಸಿಗೆ ಹಿಡಿದು ಒಂಬತ್ತು ದಿನ. ಅತ್ತೆಗೆ ಹದಿನೆಂಟು ತುಂಬಿರ್ಲಿಲ್ಲ. ಬಾಗಿಲು ಹಾಕ್ಕೊಂಡು ಗಂಡನ ಹಣೆಗೆ ಒದ್ದೆಬಟ್ಟೆ ಹಾಕ್ತಾ ಕೂತಿದ್ರು. ಹೊರಗೆ ಯಾರು ಇದ್ದಾರೆ ಯಾರು ಹೋದ್ರು, ಪಾಪ, ಅವರಿಗೇನು ಗೊತ್ತು?

“ಸೋಮವಾರ ಬಂತು. ಗಂಡ ಆ ಸ್ಥಿತೀಲಿದ್ರೂ ವಾರ ತಪ್ಪಿಸೋ ಹಂಗಿಲ್ಲ. ಅನ್ನ, ಬೇಳೆ ಸಾರು ಮಾಡಿ ಕಾದ್ರು. ಹೊತ್ತು ಮುಳುಗ್ತು. ಮಳೆ… ಈಗ ಬರ್ತಿದೆಯಲ್ಲ, ಇದರಪ್ಪನಂಥ ಮಳೆ. ಬಾಗಿಲು ತೆಗೆದ್ರೆ ಅಯ್ಯನೋರು ನಿಂತಿದ್ದಾರೆ. ತಟ್ಟೆ ಇಟ್ಟು ಕಾಲು ತೊಳೆದ್ರು. ಅಂಥ ಮಳೇಲಿ ಬಂದ ಕಾಲು, ಒಣಗಿತ್ತಂತೆ! ನೀರು ಹಾಕಿದ್ರೆ ಹಾಲಿನ ಹಂಗೆ ಬೆಳ್ಳಗಾಯ್ತು. ಬೆರಳ ಸಂದಿಯಿಂದ ಒಂದು ಬಿಲ್ವಪತ್ರೆ ತೇಲಿಬಂತು. ಅತ್ತೆ ಅದನ್ನ ಯೋಚ್ನೆ ಮಾಡೋ ಸ್ಥಿತೀಲಿ ಇರ್ಲಿಲ್ಲ. ಆ ಪಾದೋದಕಾನೇ ಗಂಡನ ಬಾಯಿಗೆ ಬಿಟ್ರು. ಅಯ್ಯನೋರು ಒಂದು ಮಾತಾಡ್ದೆ ಉಂಡ್ರು, ಎದ್ರು. ಅತ್ತೆ ಎಂದಿನ ಹಂಗೆ ವೀಳ್ಯ ಕೊಡೋಕೆ ಹೋದ್ರು. ಅವ್ರು ಕೈ ಚಾಚ್ಲಿಲ್ಲ… ಅತ್ತೆ ಮುಖಾನೇ ನೋಡಿದ್ರು… ಹಾಸಿಗೇಲಿದ್ದ ಮಾವನ್ನ ನೋಡಿದ್ರು… ಆಮೇಲೆ ಇಸ್ಕೊಂಡ್ರು.

“ಬೆಳಗಾಗೋಷ್ಟರಲ್ಲಿ ಮಾವನ ಮೈ ಬೆವೆತು ಜ್ವರ ಬಿಡ್ತು. ‘ಅಯ್ಯನೋರು ಬಂದ್ರು, ನನ್ನ ಗಂಡ ಉಳಿದ’ ಅಂತ ಅತ್ತೆ ಓಡಿಹೋಗಿ ಪಕ್ಕದ ಮನೆ ಬಂಗಾರಮ್ಮಂಗೆ ಹೇಳಿದ್ರು. ಭಾನುವಾರದ ಮನೆ ಅವರದ್ದು. ‘ಯಾವ ಅಯ್ಯನೋರೇ ಹುಚ್ಚಿ? ಮೊನ್ನೆ ನಮ್ಮಲ್ಲಿಗೆ ಉಣ್ಣೋಕೆ ಬರ್ಲಿಲ್ಲ ಅಂತ ಹೋಗಿ ನೋಡಿದ್ರೆ ಮಲಗಿದಲ್ಲೇ ಲಿಂಗೈಕ್ಯ ಆಗಿದ್ರು. ಅವತ್ತೇ ಸಂಜೆ ಹೊಳೆ ಆಚೆ ಸಮಾಧಿ ಮಾಡಿದ್ವಿ. ನಿನ್ನ ಕಷ್ಟ ನಿಂಗೇ ಸಾಕಾಗಿತ್ತು, ಅದಕ್ಕೇ ಹೇಳ್ಲಿಲ್ಲ.’ ಸಮಾಧಿ ಒಳಗೆ ಕೂರಿಸಿ ಏನು ತುಂಬ್ತೀವಿ ಹೇಳ್ರಿ? ವಿಭೂತಿ… ಬಿಲ್ವಪತ್ರೆ.”

“ಅಜ್ಜಿ, ನಮ್ಮಲ್ಲಿ ಸತ್ತೋರು ದೆವ್ವ ಆಗಲ್ಲ, ಶಿವನ ಹತ್ರ ಹೋಗ್ತಾರೆ ಅಂದಿದ್ರಿ?” ಎಂದಳು ಅಕ್ಷರಾ, ಅಕ್ಕನ ಕೈ ಹಿಡಿದುಕೊಂಡು.

“ಹೋಗ್ತಾರೆ ಕಣೇ. ಹಿಂದಿನ ವಾರ ಕೊಟ್ಟ ಮಾತು ತೀರಿಸೋಕೆ ಬಂದಿದ್ರು, ಉಂಡು ಹೋಗಿದ್ರೆ ಮುಗೀತಿತ್ತು. ಅತ್ತೆ ಇನ್ನೊಂದು ವೀಳ್ಯ ಕೊಟ್ರಲ್ಲ! ಹಿರಿಯರು ಹೇಳಿದ್ರು, ಬರೋ ವಾರ ಉಣ್ಸು, ಎಲೆಯಡಿಕೆ ಮಾತ್ರ ಕೊಡಬೇಡ, ಆ ಜೀವ ಬಿಡುಗಡೆ ಆಗ್ಲಿ ಅಂತ. ಅತ್ತೆ ಹೂಂ ಅಂದ್ರು. ಸೋಮವಾರ ಬಂದಾಗ ಕೈ ಕೇಳ್ಲಿಲ್ಲ. ಗಂಡಂಗೆ ಮತ್ತೆ ಜ್ವರ ಬಂದ್ರೆ? ಇದೊಂದು ವಾರ ಕೊಡ್ತೀನಿ… ಇದೊಂದು ವಾರ… ಹಂಗೇ ಅರವತ್ತು ವರ್ಷ. ಸಾಯೋ ಮುಂಚೆ ಎಲೆಯಡಿಕೆ ತಟ್ಟೆ ನನ್ನ ಕೈಗೆ ಇಟ್ರು. ನಿಮ್ಮಜ್ಜ ರಿಟೈರ್ ಆಗಿ ಕ್ವಾರ್ಟರ್ಸ್ ಬಿಟ್ಟು ಶಿವಮೊಗ್ಗಕ್ಕೆ ಬಂದ್ವಿ. ಇಲ್ಲಿಗೂ ಬಂದ್ರು.”

“ಲೊಕೇಶನ್ ಯಾರು ಕಳ್ಸಿದ್ರಜ್ಜಿ?” ಎಂದರು ಭಾವ.

“ವೀಳ್ಯ ಇಸ್ಕೊಂಡೋರು ದಾರಿ ಕೇಳ್ತಾರೇನೋ ಮಾರಾಯ?”

ಈ ಸಲ ಮಕ್ಕಳು ನಗಲಿಲ್ಲ. ಅಜ್ಜಿ ಸುಟ್ಟ ಕಾಲನ್ನು ಮೆಲ್ಲಗೆ ಚಾಚಿಕೊಂಡರು.

“ನಂಗೂ ಪ್ರತಿ ವಾರ ಅನ್ಸುತ್ತೆ, ಪಾಪ ಮುದುಕ್ರು, ಎಷ್ಟು ಅಂತ ನಡೀತಾರೆ, ಬಿಟ್ಟುಬಿಡೋಣ ಅಂತ. ಇವತ್ತು ಗಟ್ಟಿ ಮನಸ್ಸು ಮಾಡಿದ್ದೆ. ಆದ್ರೆ ಮೈತ್ರಿ… ನಿಂಗೊಂದು ಮಾತು ಹೇಳ್ದೆ ನಿಲ್ಸಿದ್ರೆ ತಪ್ಪಾಗುತ್ತೆ.”

ನನ್ನ ಹೆಸರು ಕೇಳಿ ತಲೆ ಎತ್ತಿದೆ.

“ಹನ್ನೊಂದು ತಿಂಗಳಿಂದ ಅಯ್ಯನೋರು ಒಬ್ರೇ ಬರ್ತಿಲ್ಲ. ಹಿಂದೆ ಇನ್ನೊಬ್ಬ ಬರ್ತಾನೆ. ಒಳಗೆ ಬರಲ್ಲ. ಮೆಟ್ಟಿಲ ಹತ್ರಾನೇ ತಲೆ ಬಗ್ಗಿಸ್ಕೊಂಡು ನಿಂತಿರ್ತಾನೆ. ಅವನಿಗೆ ಯಾರೂ ವೀಳ್ಯ ಕೊಟ್ಟಿಲ್ಲ ನೋಡು… ಕರೀದೆ ಹೆಂಗೆ ಬರ್ತಾನೆ?”

“ಅಜ್ಜಿ, ಸಾಕು!” ಭಾವನ ದನಿ ಒಡೆಯಿತು.

ಅಜ್ಜಿ ಅವರತ್ತ ನೋಡಲಿಲ್ಲ.

“ಕೊಟ್ರೆ ಒಳಗೆ ಬರ್ತಾನೆ. ಕೊಟ್ರೆ ಬಿಡುಗಡೆ ಇಲ್ಲ. ಎರಡೂ ಹೇಳಿದ್ದೀನಿ. ಅಯ್ಯನೋರ ವಿಷ್ಯದಲ್ಲಿ ನಮ್ಮತ್ತೆಗೆ ಮೊದಲೇ ಯಾರೂ ಹೇಳಿರ್ಲಿಲ್ಲ.”

ಭಾವ ಬೇಡ ಎಂಬಂತೆ ತಲೆ ಆಡಿಸುತ್ತಿದ್ದರು. ನಾನು ಎದ್ದು ಅಡಿಗೆಮನೆಗೆ ಹೋದೆ. ಮೊಬೈಲಿನ ಬೆಳಕಲ್ಲಿ ಅಕ್ಕಿ ಡಬ್ಬ ತೆಗೆದೆ.

“ಎಷ್ಟು ಅಕ್ಕಿ ಹಾಕ್ಲಿ ಅಜ್ಜಿ?”

“ಅವನು ಎಷ್ಟು ಉಣ್ತಾನೆ ಅಂತ ನನ್ನ ಕೇಳ್ತೀಯಾ?” ಎಂದರು ಅಜ್ಜಿ ಒಳಗಿನಿಂದ. “ಬೇಗ ಇಡು ಮಾರಾಯ್ತಿ… ಬಂದು ನಿಂತು ಆಗ್ಲೇ ಹೊತ್ತಾಯ್ತು.”