ಕರಡಿ ಮರಿಯ ಅಮ್ಮ

...ಬ್ಯಾಡ, ನಿಂತ್ಕಂಡೇ ಇರು ಹಂಗಾದ್ರೆ! ಕೂತ್ಕೋ ಕೂತ್ಕೋ ಅಂತ ಎಷ್ಟು ಸಲ ಹೇಳೋದು? ಚಾಪೆ ಹಾಸಿದೀನಿ, ಕಾಫಿ ಕೊಟ್ಟಿದೀನಿ. ಕುಣಿಗಲ್ಲಿಂದ ತುಮಕೂರು, ತುಮಕೂರಿಂದ ಗುಬ್ಬಿ, ಎರಡು ಬಸ್ಸು ಹತ್ತಿ ಇಳಿದು ಬಂದಿದೀಯ, ಕಾಲು ನೋಯಲ್ವಾ? ಮಗು ಮಗು ಅಂತ ಬಡ್ಕಂತೀಯಲ್ಲ... ನಡುಮನೇಲಿ ಮಲಗೈತೆ ಅಂದ್ನಲ್ಲಮ್ಮ. ಎಬ್ಬಿಸ್ಬೇಡ. ಈಗ್ತಾನೆ ಕಣ್ಣು ಮುಚ್ಚೈತೆ.

ಫೋನಾ? ಫೋನಿಗೆ ಯಾಕೆ ಬರ್ಲಿಲ್ಲ ಅಂದ್ರೆ, ಅವಾಗ್ಲೂ ಮಲಗಿತ್ತು. ಮೊನ್ನೇನೂ ಮಲಗಿತ್ತು, ನಿನ್ನೇನೂ ಮಲಗಿತ್ತು. ಅದು ಪಕ್ಕದ ಮನೆಯೋರ ಫೋನು ಸಂಧ್ಯಾ, ನೀನು ಮಾಡಿದಾಗೆಲ್ಲ ಮಗೂನ ಎತ್ಕಂಡು ಓಡೋಕಾಗುತ್ತಾ? ಅದಕ್ಕೇ ಹೇಳ್ದೆ ಕೇಳ್ದೆ ಬಂದ್ಬುಟ್ಟಿದೀಯ. ಸ್ಕೂಲು ಶುರುವಾಗೋಕೆ ಇನ್ನೂ ಟೈಮೈತೆ. ನನ್ನ ತಂಗಿ ಮಗಳು ನನ್ನ ಮನೇಲಿ ನಾಲ್ಕು ದಿನ ಇದ್ರೆ ನಿಂಗೇನು ಹೊಟ್ಟೆ ಉರಿ?

ಯಾಕ್ ನಗ್ತೀಯ? ನಗ್ಲಿಲ್ವಾ? ತುಟಿ ಅಲ್ಲಾಡ್ತು, ನಾನು ನೋಡ್ದೆ. ಸರಿ ಬುಡು. ನಗು, ನಗು. ಈಗ ನಗೋದೆಲ್ಲ ನಕ್ಕಂಡುಬುಡು, ಆಮೇಲೆ ಆಗಲ್ಲ.

ಹೇಳೇಬುಡ್ತೀನಿ. ಈ ಪುಟ್ಟಗಂಗಮ್ಮ ಸುಳ್ಳು ಹೇಳೋಳಲ್ಲ, ಸುಳ್ಳು ಹೇಳೋರು ಕುಣಿಗಲ್ಲಲ್ಲಿ ಇರೋರು. ಶೃತಿಗೆ ಗೊತ್ತಾಗೋಯ್ತು. ಹೂಂ. ಹೆತ್ತಮ್ಮ ಸತ್ತೋಗವ್ಳೆ ಅಂತ ಗೊತ್ತಾಗೋಯ್ತು! ನೀನೂ ನಿನ್ನ ಗಂಡ ಗಂಗರಾಜೂ ಸೇರ್ಕಂಡು ಇಷ್ಟು ವರ್ಷ ಬಚ್ಚಿಟ್ಟಿದ್ರಲ್ಲ, ಅದು. ...ಈಗ ಕೂತ್ಕಂಡ್ಯಾ? ಕೂತ್ಕೋ. ಅದರ ಹೆತ್ತಮ್ಮ, ನನ್ನ ತಂಗಿ ವನಜ ಸತ್ತಾಗ ನಾನೂ ಹಿಂಗೇ ಕೂತ್ಬುಟ್ಟಿದ್ದೆ.

ನಾನಾಗಿ ಬಾಯಿ ಬಿಡ್ಲಿಲ್ಲಮ್ಮ. ಮಾತು ಕೊಟ್ಟಿದ್ದೆ. ‘ಮಗು ಮುಂದೆ ವನಜನ ಹೆಸರು ಎತ್ತಲ್ಲ ಅಂದ್ರೆ ಮಾತ್ರ ಗುಬ್ಬಿಗೆ ಕಳಿಸ್ತೀವಿ’ ಅಂತ ಗಂಗರಾಜು ನನ್ ಕೈಲಿ ಆಣೆ ಹಾಕಿಸ್ಕಂಡಿದ್ದ. ನಾನು ಎತ್ಲಿಲ್ಲ. ಕಾರ್ಟೂನು ಎತ್ತು! ನೀನೇ ಬಟ್ಟೆ ಬ್ಯಾಗಿಗೆ ಹಾಕಿ ಕಳಿಸಿದ್ಯಲ್ಲ ಸೀಡಿ, ಕರಡಿ ಮರೀದು. ಅದು ಹಾಕಿದ್ರೇನೇ ಅನ್ನ ತಿನ್ನೋದು ಅಂತ ಹೇಳಿ ಹೋದ್ಯಲ್ಲ, ಅದೇ.

ಹಾಕ್ದೆ. ಅನ್ನ ಕಲಸ್ಕಂಡು ಪಕ್ಕ ಕೂತೆ. ಯಾವ ಭಾಷೆಯೋ ಏನೋ, ನಂಗೂ ಗೊತ್ತಾಗಲ್ಲ, ಅದಕ್ಕೂ ಗೊತ್ತಾಗಲ್ಲ. ಆದ್ರೂ ಏನ್ ನಗು ಅಂತೀಯ! ಮರಿ ಗುಡ್ಡದ ಮೇಲಿಂದ ಉರುಳಿದ್ರೆ ಇದೂ ಚಾಪೆ ಮೇಲೆ ಉರುಳೋದು. ಆಮೇಲೆ ಹೊಳೆ ಬಂತು. ಮಳೆ, ಗುಡುಗು, ಕೆಂಪು ನೀರು. ತಾಯಿ ಕರಡಿ ಮರೀನ ಬೆನ್ನ ಮೇಲೆ ಕೂರಿಸ್ಕಂಡು ನೀರಿಗೆ ಇಳೀತು. ತಟಕ್ಕನೆ ಎದ್ದು ನಿಂತ್ಕಂಡ್ಳು ಶೃತಿ. ‘ದೊಡ್ಡಮ್ಮ, ರಿಮೋಟ್ ಒತ್ತು, ರಿಮೋಟ್ ಒತ್ತು! ಇಲ್ಲಿ ಅಮ್ಮ ಯಾವಾಗ್ಲೂ ಮುಂದಕ್ಕೆ ಓಡಿಸ್ಬುಡ್ತಾಳೆ!’

ಯಾಕವ್ವ ಓಡಿಸ್ತಾಳೆ? ‘ಗೊತ್ತಿಲ್ಲ, ಓಡಿಸ್ತಾಳೆ.’ ಓಡಿಸಿದ್ಮೇಲೆ ಏನಿರುತ್ತೆ? ‘ಮರಿ ದೊಡ್ಡದಾಗಿರುತ್ತೆ, ಜೇನು ತಿಂತಿರುತ್ತೆ.’ ಅವರಮ್ಮ? ‘ಮನೇಲಿ ಅಡಿಗೆ ಮಾಡ್ತಿರ್ತಾಳೆ. ಅಮ್ಮ ಹೇಳವ್ಳೆ.’

ಅಡಿಗೆ ಮಾಡ್ತಿರ್ತಾಳಂತೆ! ಸತ್ತ ಕರಡಿ ಅಡಿಗೆ ಮಾಡ್ತಿರ್ತಾಳಂತೆ! ತಲೆ ಬಗ್ಗಿಸ್ಬೇಡ, ನನ್ನ ಮುಖ ನೋಡು. ನೀನೇ ಹೇಳ್ಕೊಟ್ಟಿರೋದು ತಾನೇ?

ನಂಗೆ ಮೈಯೆಲ್ಲ ಉರಿದೋಯ್ತು ಸಂಧ್ಯಾ. ನನ್ನ ತಂಗೀನೂ ಹಿಂಗೇ ಓಡಿಸ್ಬುಟ್ರಲ್ಲ ನೀವು! ಕಾಮಾಲೆ ಬಂದು ಕಣ್ಣು ಹಳದಿ ಮಾಡ್ಕಂಡು, ಆಸ್ಪತ್ರೆ ಮಂಚದ ಮೇಲೆ ‘ಅಕ್ಕ, ಮಗು ಹಾಲು ಕುಡೀತಾ’ ಅಂತ ಕೇಳಿ ಕೇಳಿ ಪ್ರಾಣ ಬಿಟ್ಳು ನನ್ನ ತಂಗಿ. ಶೃತಿ ಇನ್ನೂ ತೆವಳ್ತಿತ್ತು. ಯಾರು ಸಾಕಿದ್ದು? ನಾನು. ಒಳಲೇಲಿ ಹಸಿನ ಹಾಲು ಕುಡಿಸಿ, ಹೊಟ್ಟೆ ಉಬ್ಬರ ಬಂದ್ರೆ ತೊಡೆ ಮೇಲೆ ಮಲಗಿಸ್ಕಂಡು ಬಜೆ ತೇಯ್ದು... ನಂಗಂತೂ ಮಕ್ಕಳಿಲ್ಲ, ವನಜನೇ ನಂಗೊಂದು ಕೊಟ್ಟು ಹೋದ್ಳು ಅಂದ್ಕಂಡಿದ್ದೆ. ಮೊದಲನೇ ಮಾತು ಆಡಿದ್ದು ನನ್ನ ಮಡಿಲಲ್ಲಿ. ಗಂಗರಾಜು ವನಜನ ಜಾಗಕ್ಕೆ ನಿನ್ನ ಕಟ್ಕಂಡ, ಇಬ್ರೂ ಬಂದ್ರಿ, ಎತ್ಕಂಡು ಹೋದ್ರಿ. ಮುಂದಿನ ಹಬ್ಬಕ್ಕೆ ಬಂದಾಗ ನನ್ನ ನೋಡಿ ಅತ್ತು ನಿನ್ನ ಸೆರಗಿನ ಹಿಂದೆ ಹೋಯ್ತು.

ಫೋಟೋ ಎಲ್ಲಿ? ಹಂ? ನಮ್ಮಪ್ಪ ತುಮಕೂರಲ್ಲಿ ದೊಡ್ಡದು ಮಾಡಿಸಿ ಕಟ್ಟು ಹಾಕಿಸಿ ಕೊಟ್ಟಿದ್ರಲ್ಲ ವನಜನ ಫೋಟೋ, ಎಲ್ಲಿ? ನಾನೇ ಹೇಳ್ತೀನಿ ಕೇಳು. ಹಳೇ ಪೇಪರ್ ಸುತ್ತಿ ಅಟ್ಟದ ಮೇಲೆ, ಕೊಬ್ಬರಿ ಚೀಲದ ಹಿಂದೆ. ನಿಮ್ಮ ಮನೆಗೆ ಬಂದಾಗ ನಾನೇ ಹತ್ತಿ ನೋಡಿದೀನಿ. ಮೂಗುತಿ ಜಾಗದಲ್ಲಿ ಜೇಡ ಗೂಡು ಕಟ್ಟಿತ್ತು. ಒರೆಸಿ ಮತ್ತೆ ಅಲ್ಲೇ ಇಟ್ಟು ಬಂದೆ, ಆಣೆ ಹಾಕಿದ್ನಲ್ಲ.

ಹೋಗ್ಲಿ, ಫೋಟೋ ಹಾಳಾಗೋಗ್ಲಿ. ಎಡೆ? ಪಿತೃಪಕ್ಷದಲ್ಲಿ ಊರೋರೆಲ್ಲ ಸತ್ತೋರಿಗೆ ಎಡೆ ಇಡ್ತಾರೆ. ಹೊಸ ಸೀರೆ, ಇಷ್ಟವಾದ ತಿಂಡಿ, ಎಲೆ ಅಡಿಕೆ. ನಿಮ್ಮ ಮನೇಲಿ ನಿಮ್ಮ ಮಾವಂಗೆ ಇಡ್ತೀರ, ನಿಮ್ಮತ್ತೆಗೆ ಇಡ್ತೀರ, ಬೀಡಿ ಸಮೇತ ಇಡ್ತೀರ! ವನಜಂಗೆ ಮಾತ್ರ ಇಲ್ಲ. ಯಾಕೆ? ಮಗು ಯಾರದು ಅಂತ ಕೇಳುತ್ತೆ! ನಾನಿಡೋಣ ಅಂದ್ರೆ ಕೊಟ್ಟ ಹೆಣ್ಣಿಗೆ ತವರಲ್ಲಿ ಎಡೆ ಇಡಂಗಿಲ್ಲ, ಗಂಡನ ಮನೆಯೋರೇ ಇಡ್ಬೇಕು. ಅಲ್ಲೂ ಇಲ್ಲ, ಇಲ್ಲೂ ಇಲ್ಲ. ಪ್ರತಿ ವರ್ಷ ಊರಿನ ಹಿರೇರೆಲ್ಲ ಉಂಡು ಹೋಗ್ವಾಗ ನನ್ನ ತಂಗಿ ಯಾರ ಬಾಗಿಲಲ್ಲಿ ನಿಂತಿದ್ಳೋ. ಹಸ್ಕಂಡವ್ಳೆ ಕಣೇ ಅವಳು! ನಂಗೆ ಆ ದಿನ ಅನ್ನ ಇಳಿಯಲ್ಲ.

ಕಾಫಿ ಕುಡಿ. ಆರೋಯ್ತು. ...ಮೂಗು ಯಾಕೆ ಎಳೀತೀಯ? ಹಲಸಿನ ಹಣ್ಣಿನ ವಾಸನೆ, ಮನೆ ಹಿಂದೆ ಕೊಯ್ದಿದ್ದೀವಿ. ನಿಂಗೆ ಪ್ರಾಣ ಅಲ್ವಾ? ಅವತ್ತು ಮಗೂನ ಬಿಡೋಕೆ ಬಂದಾಗ ಈ ಜಗಲಿ ಮೇಲೇ ಕೂತ್ಕಂಡು ಅರ್ಧ ಹಣ್ಣು ಮುಗಿಸಿದ್ಯಲ್ಲ. ಶೃತಿ ಒಂದೊಂದೇ ತೊಳೆ ಬಿಡಿಸಿ ನಿನ್ನ ಬಾಯಿಗೆ ಇಡೋದು, ನೀನು ಬೀಜ ಪುಸಕ್ಕಂತ ಅಂಗಳಕ್ಕೆ ಉಗಿಯೋದು, ಅದು ಕೇಕೆ ಹಾಕೋದು. ನೋಡಿ ನನ್ ಹೊಟ್ಟೆ ಉರೀತು. ನಮ್ಮ ವನಜಂಗೆ ಹಲಸು ಕಂಡ್ರೇ ಆಗ್ತಿರಲಿಲ್ಲ. ವಾಸನೆಗೇ ವಾಂತಿ ಮಾಡ್ಕಳೋಳು. ಅವಳು ಮನೇಲಿ ಇದ್ದಷ್ಟು ಕಾಲ ನಮ್ಮಪ್ಪ ತೋಟದಲ್ಲೇ ಕೊಯ್ದು ತಿಂದು ಬಾಯಿ ತೊಳ್ಕಂಡು ಬರೋರು. ಅವಳಿಗೆ ಇಷ್ಟ ಅಂದ್ರೆ ಎಳ್ಳು ಹಾಕಿದ ಕಜ್ಜಾಯ, ಅದೊಂದೇ.

ಎಲ್ಲಿದ್ದೆ? ಹಾಂ, ರಿಮೋಟು. ಒತ್ಲಿಲ್ಲ ನಾನು! ರಿಮೋಟ್ ತಗಂಡು ಸೊಂಟಕ್ಕೆ ಸಿಕ್ಕಿಸ್ಕಂಡೆ. ‘ಇವತ್ತು ಓಡ್ಸಲ್ಲ, ನೋಡು’ ಅಂದೆ. ನೋಡ್ತು. ತಾಯಿ ಕರಡಿ ಮರೀನ ದಡಕ್ಕೆ ತಳ್ತು. ಅಷ್ಟರಲ್ಲಿ ಒಂದು ಮರದ ದಿಮ್ಮಿ ಬಂದು... ಹೋಯ್ತು. ಮರಿ ದಡದಗುಂಟ ಓಡ್ತದೆ ಓಡ್ತದೆ, ಮುಂದೆ ಮರಳ ಮೇಲೆ ತಾಯಿ ಬಿದ್ದಿರುತ್ತೆ. ಮರಿ ಮೂತಿ ಹಾಕಿ ತಳ್ಳುತ್ತೆ, ಏಳಲ್ಲ. ಕಿವಿ ಕಚ್ಚಿ ಎಳೆಯುತ್ತೆ, ಏಳಲ್ಲ. ಶೃತಿ ಬಾಯಲ್ಲಿದ್ದ ತುತ್ತು ಹಂಗೇ ನಿಂತೋಯ್ತು. ‘ದೊಡ್ಡಮ್ಮ, ಯಾಕೆ ಏಳ್ತಿಲ್ಲ?’

ಹೇಳ್ದೆ. ಸತ್ತೋಯ್ತು ಕಣವ್ವ, ಇನ್ನು ಏಳಲ್ಲ ಅಂದೆ. ‘ಅಡಿಗೆ?’ ಅಂತು. ಅಡಿಗೆ ಎಲ್ಲ ಸುಳ್ಳು ಅಂದೆ. ಅದು ಟೀವಿ ನೋಡ್ತು, ನನ್ನ ನೋಡ್ತು. ಅವಾಗ... ಅವಾಗ ನನ್ ಬಾಯಿ ನಿಲ್ಲಲಿಲ್ಲ. ‘ನಿಮ್ಮಮ್ಮನೂ ಹಿಂಗೇ ಹೋಗ್ಬುಟ್ಳು ಕಂದ’ ಅಂದೇಬುಟ್ಟೆ. ಆಣೆ ಮುರೀತು. ಮುರೀಲಿ! ನಿಮ್ಮ ಆಣೆಗಿಂತ ನನ್ನ ತಂಗಿ ದೊಡ್ಡೋಳು.

ಅತ್ತಿತು. ಏನ್ ಅಳು ಅಂತೀಯ, ಅಮ್ಮಾ ಅಮ್ಮಾ ಅಂತ ಗೋಡೆ ಬಿರಿಯೋ ಹಂಗೆ. ಕೇಳಿಸ್ಕಂಡ್ಯಾ? ಅಮ್ಮಾ ಅಂತ ಅತ್ತಿದ್ದು ನಿನಗಲ್ಲ, ನನ್ನ ವನಜಂಗೆ! ನಂಗೂ ಅಳು ಬಂತು, ಆದ್ರೆ ಒಳಗೊಳಗೇ ತಣ್ಣಗೆ ಹಾಲು ಕುಡಿದಂಗಾಯ್ತು. ಉಪ್ಪು ತಿಂದೋರು ನೀರು ಕುಡೀಲೇಬೇಕು, ಈಗ ಕುಡೀರಿ ಅಂದ್ಕಂಡೆ. ಮಾರನೇ ದಿನ ಕಜ್ಜಾಯ ಕರಿದೆ. ತವರಲ್ಲಿ ನಾನು ಇಡಂಗಿಲ್ಲ, ಹೊಟ್ಟೇಲಿ ಹುಟ್ಟಿದ ಮಗಳು ಇಟ್ರೆ ಯಾವೋನು ಕೇಳ್ತಾನೆ? ಕೂರಿಸ್ಕಂಡು ಹೇಳ್ಕೊಟ್ಟೆ. ‘ಅಮ್ಮಂಗೆ ಏನಿಷ್ಟವೋ ಅದನ್ನ ಎಲೇಲಿ ಇಡ್ಬೇಕು, ಕಾಗೆ ಬಂದು ಮುಟ್ಟಿದ್ರೆ ಅಮ್ಮ ಉಂಡಂಗೆ.’ ಅವತ್ತಿಂದ ದಿನಾ ಇಡ್ತದೆ. ಬೆಳಿಗ್ಗೆ ಎದ್ದು ಮುಖ ತೊಳ್ಕಂಡು ಮೊದಲು ಅದೇ ಕೆಲಸ. ಇಟ್ಟು ಕಂಬದ ಹಿಂದೆ ಕೂತ್ಕಂಡು ಕಾಯ್ತದೆ. ಕಾಗೆ ಮಾತ್ರ ಒಂದೂ ಮುಟ್ಲಿಲ್ಲ, ಬಂದು ನೋಡಿ ನೋಡಿ ಹೋಗ್ತವೆ. ವನಜನ ಸಿಟ್ಟು ಇನ್ನೂ ಇಳಿದಿಲ್ಲ ಕಣಮ್ಮ, ನಿನ್ನ ಮೇಲಿನ ಸಿಟ್ಟು.

ಎಲ್ಲಿಗೆ ಎದ್ದೆ? ಏನ್ ನೋಡ್ತಿದೀಯ ಅಲ್ಲಿ? ಕಾಂಪೌಂಡ್ ಗೋಡೆ ಮೇಲಾ? ಅದೇ ಎಡೆ, ಹೇಳಿದ್ನಲ್ಲ. ಹತ್ರ ಹೋಗ್ಬೇಡ. ಸಂಧ್ಯಾ! ಹೋಗ್ಬೇಡ ಅಂದೆ... ಎಲೆ ಮುಟ್ಬೇಡ!

...ಏನು? ಹೂಂ. ಹಲಸಿನ ತೊಳೆ. ಮಕ್ಕಳು ಕಣಮ್ಮ, ಕೈಗೆ ಸಿಕ್ಕಿದ್ದು ಇಡ್ತವೆ. ಕಜ್ಜಾಯನೂ ಇತ್ತು ಮೊದಲು, ಅದು... ಅದನ್ನ ತೆಗೆದು...

ಹಂಗೆ ನೋಡ್ಬೇಡ ನನ್ನ. ವನಜಂಗೆ ಹಲಸು ಆಗ್ತಿರಲಿಲ್ಲ ಅಂತ ಈಗ್ತಾನೆ ನಾನೇ ಹೇಳ್ದೆ, ಮರ್ತಿಲ್ಲ. ಬಾಯಿ ಬಿಟ್ಟು ಬಯ್ಯಿ. ಕೂದಲು ಹಿಡ್ಕಂಡು ಹೊಡಿ. ಸುಮ್ನೆ ನಿಂತ್ಕಂಡು ನೋಡ್ಬೇಡ ಕಣೇ, ನಂಗೆ ತಡ್ಕಳಕ್ಕಾಗಲ್ಲ!

...ಎಡೆ ನಿಂಗೇ ಇಟ್ಟೈತೆ ಅದು. ಹೂಂ, ನಿಂಗೇ. ‘ನಮ್ಮಮ್ಮ ಕಜ್ಜಾಯ ತಿನ್ನಲ್ಲ ದೊಡ್ಡಮ್ಮ, ಹಲ್ಲು ನೋವು’ ಅಂತ ತೆಗೆದು ನನ್ ಕೈಗೇ ಕೊಡ್ತು. ನಿಮ್ಮಮ್ಮ ಸತ್ತೋದ್ಳು ಅಂದಾಗ ಅದಕ್ಕೆ ಇನ್ಯಾವ ಅಮ್ಮ ಗೊತ್ತು ಹೇಳು? ತುಮಕೂರು ಬಸ್ಸು ಹತ್ತಿ ಕೈ ಬೀಸಿ ಹೋದೋಳು ನೀನು. ‘ಬಸ್ಸು ಹೊಳೆಗೆ ಬಿತ್ತಾ?’ ಅಂತ ಕೇಳ್ತು ಅವತ್ತೇ ರಾತ್ರಿ. ಇವಳಲ್ಲ ಕಂದ, ಇನ್ನೊಬ್ಬಳಿದ್ಳು ಅಂತ ತೋರ್ಸೋಕೆ ನನ್ ಹತ್ರ ಒಂದು ಫೋಟೋ ಇರ್ಲಿಲ್ಲ, ನಿಮ್ಮ ಅಟ್ಟದ ಮೇಲಿತ್ತು!

ಸುಳ್ಳು. ಫೋಟೋ ಇಲ್ದಿದ್ರೂ ಹೇಳ್ಬೋದಿತ್ತು. ನೀನು ಫೋನ್ ಮಾಡ್ದಾಗ ಕರ್ಕಂಡು ಹೋಗಿ ಕಿವಿಗೆ ಹಿಡಿದಿದ್ರೆ ಸಾಕಿತ್ತು. ಹಿಡೀಲಿಲ್ಲ. ಬೇಕಂತಲೇ ಹಿಡೀಲಿಲ್ಲ. ನನ್ನ ತಂಗಿ ಇಷ್ಟು ವರ್ಷ ಹುಟ್ಟೇ ಇಲ್ದಂಗೆ ಇದ್ಳಲ್ಲ, ನೀನೂ ಒಂದು ನಾಲ್ಕು ದಿನ ಸತ್ತಂಗಿರು ಅನ್ನಿಸ್ತು. ಆಮೇಲೆ ಹೇಳೋಣ ಅಂದ್ರೆ ಮಗು ಮಾತಾಡೋದೇ ನಿಲ್ಲಿಸ್ತು, ಅನ್ನ ಬಿಡ್ತು, ಹಾಸಿಗೇಲಿ ಉಚ್ಚೆ ಹುಯ್ಕಳಕ್ಕೆ ಶುರು ಮಾಡ್ತು. ಆಡಿ ಸುಸ್ತಾಗಿ ಮಲಗಿಲ್ಲ ಸಂಧ್ಯಾ ಅದು, ಅತ್ತು ಮಲಗೈತೆ.

ಅಯ್ಯೋ... ಎದ್ಬುಟ್ಳು. ಶೃತೀ, ಬಾಗಿಲಲ್ಲೇ ಯಾಕೆ ನಿಂತೆ ಕಂದ? ಬಾ. ನೋಡು ಯಾರು ಬಂದವ್ರೆ... ನೋಡೇ, ಸಂಧ್ಯಾ! ನಿನ್ನ ನೋಡಿ ಹೆದರ್ಕಂಡು ಕಂಬ ತಬ್ಕಂಡವ್ಳೆ. ಮಾತಾಡೇ! ಏನಾದ್ರೂ ಮಾತಾಡು... ಏಯ್, ಏನ್ ಮಾಡ್ತಿದೀಯ? ಬ್ಯಾಡ, ಎಡೆ ಕಣೇ ಅದು, ಬದುಕಿರೋರು ಬಾಯಿಗೆ ಇಡಬಾರ್ದು!

...ತಿನ್ನು. ತಿನ್ನು ಬುಡು. ಅವಳನ್ನ ನೋಡ್ಕಂಡೇ ತಿನ್ನು.

ನೋಡವ್ವ, ನಿಮ್ಮಮ್ಮನೇ. ನೋಡು, ಉಗಿದ್ಳು ನೋಡು ಅಂಗಳಕ್ಕೆ. ಸತ್ತೋರು ಎಲ್ಲಾದ್ರೂ ಬೀಜ ಉಗೀತಾರಾ? ಓಡು. ಓಡೇ...

ಹಿಡ್ಕೋ ಗಟ್ಟಿಯಾಗಿ. ಅಳ್ಲಿ ಬುಡು, ಇಬ್ರೂ ಅಳ್ರಿ. ನಾನು... ನಾನು ಒಳಗೆ ಹೋಗಿ ಬ್ಯಾಗಿಗೆ ಬಟ್ಟೆ ತುಂಬ್ತೀನಿ. ಸೀಡಿನೂ ಹಾಕ್ತೀನಿ. ಇನ್ಮೇಲೆ ನನ್ ಹತ್ರ ಕಳಿಸಬ್ಯಾಡಿ, ಕೇಳಲ್ಲ. ಕಜ್ಜಾಯ ಒಂದು ಡಬ್ಬಿ ತುಂಬ ಐತೆ, ಯಾರೂ ಮುಟ್ಟಿಲ್ಲ, ಕಟ್ಕೊಡ್ತೀನಿ, ತಗಂಡು ಹೋಗು. ಫೋಟೋ ಇಳ್ಸು. ಇದು ಯಾರು ಅಂತ ನಿನ್ನ ಬಾಯಲ್ಲೇ ಹೇಳು, ನಾನು ಹೇಳಿದ್ರೆ ಅದು ಇನ್ನು ನಂಬಲ್ಲ. ಹೇಳಿ, ಅದರ ಕೈಲೇ ಎರಡು ಕಜ್ಜಾಯ ಇಡ್ಸು ಸಂಧ್ಯಾ. ವನಜ ಇನ್ನೂ ಹಸ್ಕಂಡೇ ಅವ್ಳೆ.