ಲ್ಯಾಂಪ್ರೆಗಾಗಿ ತೊಳೆದ ತೊರೆ

"ಹಲೋ... ಹಾಂ, ವಿಜ್ಮಾನೇ. ಯಾರು ಮಾತಾಡ್ತಿರೋದು?... ಓ, ಗುನ್ವಾಲ್ಡಿಸ್ ಮಾಮಾನಾ! ಏನಿಷ್ಟು ಗದ್ದಲ, ಎಲ್ಲಿದ್ದೀರ?..."

ಅಮ್ಮನ ತಮ್ಮ, ಊರಿನ ಹಿರಿಯ. ರಾಜಧಾನಿ ರೀಗಾಕ್ಕೆ ಹೊರಟ ಬಸ್ಸಿನಲ್ಲಿ ವಿಜ್ಮಾ ಇನ್ನೊಂದು ಕಿವಿಗೆ ಬೆರಳಿಟ್ಟುಕೊಂಡಳು. ಹಾವಿನಂತೆ ಉದ್ದವಾದ ಲ್ಯಾಂಪ್ರೆ ಮೀನು ತಮ್ಮೂರ ತೊರೆಯಲ್ಲಿ ಯಾಕೆ ಕಮ್ಮಿಯಾಗುತ್ತಿದೆ ಎಂದು ಹುಡುಕುತ್ತ ಅವಳು ವರ್ಷಗಟ್ಟಲೆ ಮೊಣಕಾಲುದ್ದ ನೀರಿನಲ್ಲಿ ನಿಂತವಳು. ಅದರ ಮರಿಗಳು ಇವೆಯೆಂದು ತೋರಿಸಿದರೆ ಸಾಕು, ತೊರೆಗೆ ಸರ್ಕಾರದ ರಕ್ಷಣೆ ಸಿಗುತ್ತಿತ್ತು. ಇದುವರೆಗೆ ಸಿಕ್ಕಿದ್ದು ಬರೀ ನೆಗಡಿ.

"ತಾಲ್ಕಾ ಶ್ರಮದಾನ ಆಯ್ತಾ? ಊರಿಗೆ ಊರೇ ಸೇರಿ ಗುಡಿಸಿದ್ರಾ? ಒಳ್ಳೇದಾಯ್ತು ಬಿಡಿ. ರಸ್ತೆ ಬದಿ ಬಾಟಲಿ ಎಲ್ಲಾ ಆಯ್ದಿರಿ ತಾನೇ?..."

"ತೊರೆನಾ? ತೊರೆ ತೊಳೆದ್ರಾ?... ನನ್ನ ಲ್ಯಾಂಪ್ರೆಗೋಸ್ಕರ?... ಅಯ್ಯೋ ಮಾಮಾ, ನಾನು ಪೇಪರ್‌ನಲ್ಲಿ ಹೇಳಿದ್ದು ಚೊಕ್ಕ ನೀರು ಬೇಕು ಅಂತ. ಕೆಸರು ಬಾಚಿ ಹಾಕಿ ಅಂದಿದ್ನಾ?..."

"ಟ್ರ್ಯಾಕ್ಟರ್ ಇಳಿಸಿದ್ರಾ?... ತಳದ ಕಲ್ಲು ಪಳಪಳ ಅಂತಿದೆಯಾ! ಭೇಷ್. ಒಂದು ಮೇಜು, ಕುರ್ಚಿನೂ ಹಾಕ್ಬಿಡಿ ಅಲ್ಲಿ. ಮಾಮಾ, ಅದರ ಮರಿ ಬದುಕೋದೇ ಕೆಸರೊಳಗೆ. ಕಣ್ಣು ಕೂಡ ಬಿಡದೆ ವರ್ಷಾನುಗಟ್ಟಲೆ ಅಲ್ಲೇ ಹೂತ್ಕೊಂಡಿರುತ್ತೆ. ನೀವೆಲ್ಲಾ ಸೇರಿ ತೊಟ್ಟಿಲೇ ಕಿತ್ತು ಬಿಸಾಕಿದ್ದೀರಿ, ಗೊತ್ತಾಯ್ತಾ?..."

"ಇಲ್ಲ, ಬೈತಿಲ್ಲ. ಶ್ರಮದಾನದ ಸೂಪು ನನಗೆ ಎತ್ತಿಡೋದೇನೂ ಬೇಡ, ನೀವೇ ಕುಡೀರಿ. ಆ ಕೆಸರು ಎಲ್ಲಿ?... ಯಾರ ಆಲೂಗಡ್ಡೆ ಪಾತಿಗೆ?... ನಮ್ಮಮ್ಮನ ಪಾತಿಗಾ? ಪಕ್ಕದಲ್ಲೇ ಇದ್ದಾಳಾ? ಕೊಡಿ, ಅವಳಿಗೆ ಕೊಡಿ ಫೋನು..."

"ಅಮ್ಮಾ! ಆ ಕೆಸರಲ್ಲಿ ಹುಳದ ಥರ ಏನಾದ್ರೂ ಕಂಡ್ವಾ? ಪೆನ್ಸಿಲ್‌ಗಿಂತ ಸಣ್ಣ, ಕಂದು ಬಣ್ಣ..."

"ರಾಶಿ ರಾಶಿನಾ?... ನಿಜವಾಗ್ಲೂ? ಬಲೆ ಹಾಕಿ ಹಾಕಿ ಸೋತೋದೆ ನಾನು. ಅಷ್ಟೊಂದು ಇದ್ವಾ ಅಮ್ಮಾ?..."

ಖುಷಿಗೆ ಅವಳ ಕಣ್ಣು ತುಂಬಿಬಂತು. ಏನೋ ಸಾವಿನ ಸುದ್ದಿಯೆಂದುಕೊಂಡು ಪಕ್ಕದ ಸೀಟಿನ ಅಜ್ಜಿ ಕರವಸ್ತ್ರ ಮುಂದೆ ಚಾಚಿದಳು.

"ಹಾಂ?... ಕೋಳಿಗಾ? ಕೋಳಿಗೆ ಹಾಕಿದ್ಯಾ?... ಇಷ್ಟಪಟ್ಟು ತಿಂದ್ವಾ! ತಿನ್ನದೆ ಏನು, ಪಾಪ!... ಒಂದಾದ್ರೂ ಉಳಿದಿಲ್ವಾ ಅಮ್ಮಾ?..."

ಅವಳು ಕರವಸ್ತ್ರ ಇಸಿದುಕೊಂಡಳು.

"ಬಕೆಟ್‌ನಲ್ಲಾ? ನಾಳೆಗೆ ಅಂತ ಎತ್ತಿಟ್ಟಿದ್ದೀಯಾ? ಜೀವ ಇದೆಯಾ?... ಅಮ್ಮಾ, ನೀನು ದೇವರು ಕಣೇ! ಅದೇ ನಂಗೆ ಸಾಕ್ಷಿ... ಬೇಡ, ಬೇಡ, ತೊರೆಗೆ ಬಿಡ್ಬೇಡ! ಎಲ್ಲಿ ಅಡಗ್ತವೆ? ಕೆಸರೇ ಇಲ್ವಲ್ಲ ಅಲ್ಲಿ! ಪಾತಿಯ ಕೆಸರನ್ನೇ ಬಕೆಟ್‌ಗೆ ತುಂಬು, ತಣ್ಣೀರು ಹಾಕು. ಮುಂದಿನ ಸ್ಟಾಪಲ್ಲೇ ಇಳಿದು ವಾಪಸ್ ಬರ್ತೀನಿ..."

"ಏನದು ಕೊಕ್ಕೋ ಅಂತ ಸದ್ದು?... ಬಕೆಟ್ ಮುಚ್ಚಿದ್ದೀಯಾ ತಾನೇ?... ಅಮ್ಮಾ, ನನ್ನ ಊಟದ ವಿಚಾರ ಆಮೇಲೆ! ಮೊದಲು ಕೋಳಿ ಓಡಿಸು!... ಹಲೋ?... ಮಾಮಾ, ನೀವಾದ್ರೂ ಓಡಿ!... ಹಲೋ?... ಹಲೋ..."